ಸೌದೆ ಮಿಷೀನಿನ ಮೇಲೆ ಮಲಗಿದ ರಾಜ

ಸರಸ್ವತಿಪುರಂನ ಬಿಂದುಮಾಧವ ಮೇಷ್ಟ್ರು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಯುದ್ಧಗಳನ್ನೇ ಪಾಠ ಮಾಡಿಕೊಂಡು ಬಂದವರು. ಪಾಣಿಪತ್ತಿನ ಮೂರೂ ಯುದ್ಧಗಳನ್ನು ಬೋರ್ಡಿನ ಮೇಲೆ ಒಬ್ಬರೇ ನಡೆಸಿದವರು. ಅಂಥ ವೀರರು ಒಂದು ಬೆಳಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, ಇನ್ನು ಮೇಲೆ ಈ ಮನೆಯಲ್ಲಿ ಸೌದೆ ಒಡೆಸಲು ಯಾರ ಕೈಕಾಲೂ ಹಿಡಿಯುವುದಿಲ್ಲ, ತಾವೇ ಒಡೆಯುತ್ತೇವೆ ಎಂದು ಘೋಷಿಸಿಬಿಟ್ಟರು. ಅವರ ಹೆಂಡತಿ ಚೂಡಾಮಣಿ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು.

ಘೋಷಣೆಗೆ ಕಾರಣವಿತ್ತು. ಆಷಾಢದ ಗಾಳಿಗೆ ಹಿತ್ತಲ ಮಾವಿನ ಮರ ಅರ್ಧಕ್ಕರ್ಧ ಮುರಿದು ಬಿದ್ದು, ಅದರ ತುಂಡುಗಳು ಬಚ್ಚಲ ಗೋಡೆಯುದ್ದಕ್ಕೂ ರಾಶಿ ಬಿದ್ದಿದ್ದವು. ಮಹಡಿಯ ಮೇಲೆ ಸೋಲಾರ್ ಇದೆ, ನಿಜ. ಆದರೆ ಚೂಡಾಮಣಿಯವರಿಗೆ ಸೌದೆ ಉರಿಯಲ್ಲಿ ಕಾದ ಹಂಡೆಯ ನೀರೇ ಆಗಬೇಕು; ಸೋಲಾರಿನ ನೀರು ಎರೆದುಕೊಂಡರೆ ತಲೆಗೂದಲಿನ ಎಣ್ಣೆಯೂ ಹೋಗುವುದಿಲ್ಲ, ಮೈಕೈ ನೋವೂ ಹೋಗುವುದಿಲ್ಲ ಎಂದು ಅವರ ವಾದ. ಆ ತುಂಡುಗಳನ್ನು ಸೀಳಿಕೊಡಬೇಕಾದವನು ಬೋಗಾದಿಯ ಮಹದೇವು. ಮೂವತ್ತು ವರ್ಷದಿಂದ ಈ ಮನೆಗೆ ಕೊಡಲಿ ಹಿಡಿದು ಬರುತ್ತಿದ್ದವನು, ಈ ಸಲ ಮಾತ್ರ ಫೋನ್ ಮಾಡಿದಾಗಲೆಲ್ಲ ನಾಳೆ ಬರುತ್ತೇನೆ ಎನ್ನುತ್ತಾ ಆ ನಾಳೆಯನ್ನು ಮೂರು ತಿಂಗಳು ಎಳೆದಿದ್ದ.

ಘೋಷಣೆಯಾದ ಹತ್ತು ದಿನಕ್ಕೆ ಮೇಷ್ಟ್ರು ತರಿಸಿದ ಮಿಷೀನು ಬಂತು. ಕರೆಂಟಿನಲ್ಲಿ ಸೌದೆ ಸೀಳುವ ಮಿಷೀನು! ಸೊಂಟದೆತ್ತರದ ಕಾಲಿನ ಮೇಲೆ ಉದ್ದನೆಯ ಕಬ್ಬಿಣದ ದೋಣಿ. ಒಂದು ತುದಿಯಲ್ಲಿ ಚೂಪಾದ ಬೆಣೆ, ಇನ್ನೊಂದು ತುದಿಯಲ್ಲಿ ಮುಷ್ಟಿ ಗಾತ್ರದ ಉಕ್ಕಿನ ತುಂಡು. ನಡುವೆ ಮರ ಮಲಗಿಸಿದರೆ ಉಕ್ಕು ಅದನ್ನು ನಿಧಾನವಾಗಿ ತಳ್ಳಿಕೊಂಡು ಹೋಗಿ ಬೆಣೆಗೆ ಒತ್ತುತ್ತದೆ, ಮರ ಎರಡಾಗುತ್ತದೆ. ಅದು ನಡೆಯಬೇಕಾದರೆ ಒಂದು ಕೈಯಲ್ಲಿ ಹಿಡಿಯನ್ನು ಕೆಳಕ್ಕೆ ಒತ್ತಿರಬೇಕು, ಇನ್ನೊಂದು ಕೈಯಲ್ಲಿ ಹಸಿರು ಗುಂಡಿ ಅದುಮಿರಬೇಕು. ಎರಡರಲ್ಲಿ ಒಂದನ್ನು ಬಿಟ್ಟರೂ ಮಿಷೀನು ನಿಲ್ಲುತ್ತದೆ. ಎರಡು ಕೈಗೂ ಕೆಲಸ ಕೊಟ್ಟುಬಿಟ್ಟರೆ ಅದರ ಬಾಯಿಗೆ ಹಾಕಲು ಮನುಷ್ಯನಿಗೆ ಮೂರನೆಯ ಕೈ ಇರುವುದಿಲ್ಲವಲ್ಲ, ಮಾಡಿದವನು ಅಷ್ಟು ಯೋಚನೆ ಮಾಡಿದ್ದ.

ಮೇಷ್ಟ್ರ ಧೈರ್ಯ ಹೋದದ್ದು ಅದರ ಜೊತೆ ಬಂದ ಕಾಗದ ಬಿಚ್ಚಿದಾಗ. ಅದರಲ್ಲಿ ಎರಡು ಚಿತ್ರವಿತ್ತು. ಮೊದಲನೆಯದರಲ್ಲಿ ಐದು ಬೆರಳಿನ ಒಂದು ಕೈ. ಎರಡನೆಯದರಲ್ಲಿ ಅದೇ ಕೈ, ಬೆರಳು ಮಾತ್ರ ಮೂರು. ಮೇಷ್ಟ್ರು ಕಾಗದವನ್ನು ಮಡಿಸಿ ಪಂಚಾಂಗದ ಕೆಳಗಿಟ್ಟರು. ಆವತ್ತಿನಿಂದ ಮಿಷೀನಿನ ಹತ್ತಿರ ಹಾಯುವಾಗಲೆಲ್ಲ ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಹಾಯತೊಡಗಿದರು. ಕ್ಲಾಸಿನಲ್ಲಿ ಸೀಮೆಸುಣ್ಣ ಹಿಡಿದಾಗ ಬೆರಳು ಎಣಿಸಿಕೊಳ್ಳುವ ಹೊಸ ಅಭ್ಯಾಸವೂ ಅಂಟಿಕೊಂಡಿತು.

ಆದರೆ ಭಯ ಅಂತ ಬಾಯಿಬಿಟ್ಟು ಹೇಳಿದರೆ ಮೇಷ್ಟ್ರ ಮರ್ಯಾದೆ ಏನಾಗಬೇಕು? ಮೊದಲು ಪಿತೃಪಕ್ಷದ ನೆಪ ಹೇಳಿದರು. ಪಕ್ಷದಲ್ಲಿ ಹೊಸ ಕೆಲಸ ಶುರು ಮಾಡಬಾರದಲ್ಲ! ಪಕ್ಷ ಮುಗಿದು ನವರಾತ್ರಿ ಬಂತು. ಈಗ, ಆಯುಧ ಪೂಜೆ ಆಗದೆ ಆಯುಧ ಮುಟ್ಟುವ ವಂಶ ನಮ್ಮದಲ್ಲ ಎಂದರು. ಅವರ ವಂಶವೋ, ಮುತ್ತಾತನ ಕಾಲದಿಂದ ಅರಮನೆಗೆ ಪಂಚಾಂಗ ಬರೆದುಕೊಟ್ಟ ವಂಶ. ಆ ಮನೆಯಲ್ಲಿ ತಲೆತಲಾಂತರದಿಂದ ಯಾರೂ ಈಳಿಗೆ ಮಣೆಗಿಂತ ದೊಡ್ಡ ಆಯುಧವನ್ನು ಕಂಡವರಲ್ಲ. ಆ ಈಳಿಗೆ ಮಣೆಯೂ ಹೆಂಗಸರ ವಶದಲ್ಲೇ ಇತ್ತು.

ಆಯುಧ ಪೂಜೆಯ ದಿನ ಮಿಷೀನನ್ನು ನಡುಮನೆಗೆ ತಂದು, ಗೊಂಬೆ ಕೂರಿಸಿದ್ದ ಮೆಟ್ಟಿಲಿನ ಪಕ್ಕದಲ್ಲೇ ನಿಲ್ಲಿಸಿದರು. ಸ್ಕೂಟರಿಗಾದರೆ ಎಲ್ಲಿಗೆ ಏನು ಅಂತ ಎಲ್ಲರಿಗೂ ಗೊತ್ತು. ಹ್ಯಾಂಡಲ್ಲಿಗೆ ದಾರ, ದೀಪದ ಮೇಲೆ ಗಂಧ, ಚಕ್ರದ ಕೆಳಗೆ ನಿಂಬೆಹಣ್ಣು. ಈ ಮಿಷೀನಿಗೆ ಶಾಸ್ತ್ರ ಹೇಳುವವರು ಯಾರು? ಹ್ಯಾಂಡಲ್ಲಿನಂತೆ ಕಂಡದ್ದು ಆ ಹಿಡಿ ಒಂದೇ. ಮೇಷ್ಟ್ರು ಅದನ್ನೇ ಕೆಳಕ್ಕೆ ಬಗ್ಗಿಸಿ, ಅರಿಶಿನದ ದಾರವನ್ನು ಒಂಬತ್ತು ಸುತ್ತು ಸುತ್ತಿ ಬಿಗಿದು ಕಟ್ಟಿದರು. ಹಣೆಯಂತೆ ಗುಂಡಗೆ ಕಂಡದ್ದು ಹಸಿರು ಗುಂಡಿ. ಅದಕ್ಕೆ ದಪ್ಪಗೆ ಗಂಧ ಮೆತ್ತಿ ಮೇಲೆ ಕುಂಕುಮವಿಟ್ಟರು. ಚಕ್ರ ಇಲ್ಲವಾದ್ದರಿಂದ ನಿಂಬೆಹಣ್ಣನ್ನು ಉಕ್ಕಿನ ತುಂಡಿನ ಮುಂದಿಟ್ಟರು. ತಯಾರಿಸಿದವನು ಎರಡು ಕೈ ಬೇಕೆಂದು ಕಟ್ಟಿದ ಕಾವಲನ್ನು ಮೇಷ್ಟ್ರು ಭಕ್ತಿಯಿಂದ ಬಿಚ್ಚಿ ಕೈಮುಗಿದರು, ಅವರಿಗೇ ಗೊತ್ತಿಲ್ಲದ ಹಾಗೆ.

ಮಾರನೆಯ ದಿನ ವಿಜಯದಶಮಿ. ಹೊಸದು ಶುರು ಮಾಡಲು ಇದಕ್ಕಿಂತ ಒಳ್ಳೆಯ ದಿನ ಪಂಚಾಂಗದಲ್ಲಿಲ್ಲ, ಇನ್ನು ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಮುಹೂರ್ತಕ್ಕೆ ಒಂದೇ ಒಂದು ಸಲ ಓಡಿಸಿ ನಿಲ್ಲಿಸುವುದೆಂದು ತೀರ್ಮಾನವಾಯಿತು. ಮೇಷ್ಟ್ರು ಪ್ಲಗ್ಗು ಸಿಕ್ಕಿಸಿ, ಗೋಡೆಯ ಸ್ವಿಚ್ಚು ಹಾಕಿ, ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು ಹಸಿರು ಗುಂಡಿ ಅದುಮಿದರು. ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಫ್ಯಾನೂ ನಿಂತಿತ್ತು. ಬೀದಿಗೆ ಬೀದಿಯೇ ಕರೆಂಟಿಲ್ಲ!

ಮೇಷ್ಟ್ರಿಗಾದ ಸಂತೋಷ ಅಷ್ಟಿಷ್ಟಲ್ಲ. ಎಂಥ ಮುಹೂರ್ತ ಹಾಳಾಯಿತು ಎಂದು ಬಾಯಲ್ಲಿ ಪೇಚಾಡುತ್ತಾ, ಒಳಗೊಳಗೇ ಕುಣಿಯುತ್ತಾ ಎರಡು ಹೋಳಿಗೆ ಹೆಚ್ಚಿಗೇ ತಿಂದರು. ಅದುಮಿದ ಗುಂಡಿ ಒಣಗಿದ ಗಂಧಕ್ಕೆ ಕಚ್ಚಿಕೊಂಡು ಮೇಲೆ ಬಂದಿಲ್ಲ ಎಂಬುದನ್ನು ನೋಡಲಿಲ್ಲ. ಗೋಡೆಯ ಸ್ವಿಚ್ಚು ಹಾಗೇ ಇತ್ತು.

ಸಂಜೆ ದೀಪ ಹಚ್ಚುವ ಹೊತ್ತಾದರೂ ಕರೆಂಟು ಬರಲಿಲ್ಲ. ಚೂಡಾಮಣಿ ಎಣ್ಣೆದೀಪದ ಬೆಳಕಲ್ಲೇ ಗೊಂಬೆಗಳಿಗೆ ಆರತಿ ಎತ್ತಿ, ಹಬ್ಬ ಮುಗಿದ ಗುರುತಿಗೆ ಪಟ್ಟದ ಗೊಂಬೆಗಳನ್ನು ಮಲಗಿಸಲು ಕೂತರು. ಗೇಣುದ್ದಕ್ಕಿಂತ ಸ್ವಲ್ಪ ಎತ್ತರದ ರಾಜ ರಾಣಿ, ರಕ್ತಚಂದನದ ಗೊಂಬೆಗಳು. ಮದುವೆಯಲ್ಲಿ ಅವರ ಅಪ್ಪ ಕೊಟ್ಟದ್ದು. ಇಪ್ಪತ್ತೆಂಟು ವರ್ಷ ಪ್ರತಿ ನವರಾತ್ರಿಗೂ ತಮ್ಮ ಕೈಯಾರೆ ರಾಜನಿಗೆ ಜರಿಪೇಟ, ರಾಣಿಗೆ ಸೀರೆ ಉಡಿಸಿದ್ದರು. ಇಬ್ಬರೂ ಮಲಗುವ ಮಣೆ ಈ ವರ್ಷ ಗೆದ್ದಲು ಹಿಡಿದು ಅರ್ಧ ಆಗಿತ್ತು. ರಾಣಿ ಮಲಗಿದಳು, ರಾಜನಿಗೆ ಜಾಗ ಸಾಲಲಿಲ್ಲ.

ಹೋಳಿಗೆಯ ಉತ್ಸಾಹದಲ್ಲಿದ್ದ ಮೇಷ್ಟ್ರು ಮುಂದೆ ಬಂದರು. ಪೂಜೆಯಾದ ಮಿಷೀನು, ಹಾಸಲು ಕೆಂಪು ವಸ್ತ್ರ, ಅಳತೆಗೆ ಸರಿಯಾದ ದೋಣಿ, ರಾಜನಿಗೆ ಇದಕ್ಕಿಂತ ದೊಡ್ಡ ಪಲ್ಲಂಗ ಉಂಟೇ ಎಂದರು.

"ರೀ, ಅದು ಸೌದೆ ಸೀಳೋದು," ಎಂದರು ಚೂಡಾಮಣಿ.

"ಕರೆಂಟಿಲ್ಲದಿದ್ರೆ ಅದು ಬರೀ ಕಬ್ಬಿಣ ಕಣೇ. ಅದಕ್ಕೆ ಹೆದರ್ತಾರಾ ಯಾರಾದ್ರೂ?"

ಚೂಡಾಮಣಿ, "ಆ ರಾಜ ಅಂದ್ರೆ ನೀವೇ ಅಂತ ನಮ್ಮಮ್ಮ ಹೇಳಿ ಕಳಿಸಿದ್ದಾರೆ. ಅದು ಭಿನ್ನ ಆದ್ರೆ ಯಜಮಾನ್ರಿಗೆ ಆಗಲ್ಲ. ನೋಡ್ಕೊಳ್ಳಿ," ಎಂದರು. ಮೇಷ್ಟ್ರು ನಕ್ಕರು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂಬ ಶಾಸ್ತ್ರ ನೆನಪಾಗಿ, ರಾಜನ ತಲೆಯನ್ನು ದಕ್ಷಿಣಕ್ಕೆ, ಅಂದರೆ ಸರಿಯಾಗಿ ಬೆಣೆಯ ಕಡೆಗೆ ಇಟ್ಟು ಮಲಗಿಸಿದರು. ಚೂಡಾಮಣಿ ಅರಿಶಿನ ಕುಂಕುಮಕ್ಕೆ ಪಕ್ಕದ ಮನೆಯ ಮಂಗಳಮ್ಮನವರಲ್ಲಿಗೆ ಹೊರಟರು.

ಅವರು ಗೇಟು ದಾಟಿದ್ದೇ ತಡ, ಕರೆಂಟು ಬಂತು.

ದೀಪ ಹತ್ತಿತು, ಫ್ಯಾನು ತಿರುಗಿತು, ಟೀವಿ ಜಂಬೂ ಸವಾರಿಯ ವಾದ್ಯ ಊದಿತು. ಅದೆಲ್ಲದರ ಅಡಿಯಿಂದ ಗುರ್ರ್ ಎಂದು ಇನ್ನೊಂದು ಸದ್ದು ಎದ್ದಿತು. ಮೇಷ್ಟ್ರು ತಿರುಗಿ ನೋಡಿದರು. ಮುಟ್ಟುವವರಿಲ್ಲದೆ ಮಿಷೀನು ನಡೆಯುತ್ತಿತ್ತು. ಉಕ್ಕಿನ ತುಂಡು ಮುಂದಕ್ಕೆ ಬರುತ್ತಿತ್ತು. ಮೊದಲು ನಿಂಬೆಹಣ್ಣು ಅಪ್ಪಚ್ಚಿಯಾಗಿ ಅದರ ರಸ ಮೇಷ್ಟ್ರ ಕಣ್ಣಿಗೆ ಹಾರಿತು. ಆಮೇಲೆ ಉಕ್ಕು ರಾಜನ ಪಾದ ಮುಟ್ಟಿತು. ರಾಜ ಮೆಲ್ಲಗೆ ಬೆಣೆಯ ಕಡೆ ಜಾರತೊಡಗಿದ.

ವೇಗವಾಗಿ ಆಗಿದ್ದರೆ ಒಂದು ಸಲಕ್ಕೆ ಮುಗಿದುಹೋಗುತ್ತಿತ್ತು. ಆ ದರಿದ್ರ ಮಿಷೀನು ಹದಿನೈದು ಸೆಕೆಂಡು ತೆಗೆದುಕೊಂಡಿತು. ರಾಜನನ್ನು ಎತ್ತಿಕೊಳ್ಳೋಣವೆಂದರೆ ಮೂರು ಬೆರಳಿನ ಕೈ ಕಣ್ಣ ಮುಂದೆ ಬಂದು ಮೇಷ್ಟ್ರ ಕೈ ಅಲ್ಲೇ ಮರಗಟ್ಟಿತು. ಗುಂಡಿ ಕೆರೆದರು, ಗಂಧ ಉಗುರಿಗೆ ಬಂತೇ ಹೊರತು ಗುಂಡಿ ಏಳಲಿಲ್ಲ. ದಾರ ಎಳೆದರು, ತಾವೇ ಕಟ್ಟಿದ ಗಂಟು ಬಿಚ್ಚಲಿಲ್ಲ. ಕೊನೆಗೆ, ಗೋಡೆಯ ಸ್ವಿಚ್ಚು ನೆನಪಾಗದೆ, ಪ್ಲಗ್ಗು ಕೀಳಲು ಗೊಂಬೆ ಮೆಟ್ಟಿಲಿನ ಹಿಂದಕ್ಕೆ ನುಗ್ಗಿದರು. ಹಲಗೆಯ ಅಂಚು ಹಣೆಗೆ ಫಟ್ಟೆಂದು ಹೊಡೆಯಿತು. ಕಣ್ಣು ಕತ್ತಲಿಟ್ಟರೂ ಬಿಡದೆ ತಡಕಾಡಿ ಒಂದು ಪ್ಲಗ್ಗು ಕಿತ್ತರು. ಟೀವಿ ನಿಂತಿತು. ಇನ್ನೊಂದು ಕಿತ್ತರು. ಮಿಷೀನೂ ನಿಂತಿತು, ಆದರೆ ಅಷ್ಟರಲ್ಲಿ ಟಕ್ ಎಂಬ ಸದ್ದು ಕೇಳಿಯಾಗಿತ್ತು.

ರಾಜ ಪೇಟದಿಂದ ಪಾದದವರೆಗೆ ಎರಡಾಗಿದ್ದ. ಮೀಸೆ ಆ ಕಡೆ ಅರ್ಧ, ಈ ಕಡೆ ಅರ್ಧ.

ಇಪ್ಪತ್ತೆಂಟು ವರ್ಷದ ಗೊಂಬೆ, ಮಾವ ತೀರಿಕೊಂಡ ಮೇಲೆ ಚೂಡಾಮಣಿ ಅದನ್ನು ಒರೆಸುವಾಗಲೆಲ್ಲ ಮಾತಾಡದೆ ಒರೆಸುತ್ತಿದ್ದರು. ಈಗ ಬಂದರೆ ಏನು ಹೇಳುವುದು? ಅದೊಂದು ಭಯ. ಅದರ ಹಿಂದೆಯೇ ಇನ್ನೊಂದು ಬಂತು. ಶಕುನಗಿಕುನ ಎಲ್ಲ ಮೂಢನಂಬಿಕೆ ಅಂತ ವರ್ಷಾವರ್ಷ ಹುಡುಗರಿಗೆ ಪಾಠ ಹೇಳಿದ ಮೇಷ್ಟ್ರಿಗೆ ಎದೆಯ ಎಡಗಡೆ ಚಳಕ್ಕೆಂದಂತಾಯಿತು. ರಾಜ ಅಂದರೆ ನೀವೇ! ನಾಡಿ ಹಿಡಿದು ನೋಡಿಕೊಂಡರು, ಸಿಗಲಿಲ್ಲ. ಬೆವರು ಮಾತ್ರ ಸಿಕ್ಕಿತು. ಎರಡು ಹೋಳನ್ನೂ ಜೋಡಿಸಿ ಅರಿಶಿನದ ದಾರ ಸುತ್ತಿದರೆ ಮೀಸೆ ಒಂದು ಮೇಲಕ್ಕೆ, ಒಂದು ಕೆಳಕ್ಕೆ ನಿಂತು, ರಾಜ ಅವರನ್ನು ಅಣಕಿಸಿದಂತೆ ಕಂಡ. ದಾರ ಬಿಚ್ಚಿಬಿಟ್ಟರು.

ಆಗ ಬಾಗಿಲಲ್ಲಿ ಕೆಮ್ಮಿನ ಸದ್ದಾಯಿತು. ನೋಡಿದರೆ ಹಬ್ಬದ ಹೋಳಿಗೆಗೆಂದು ಬಂದ ಮಹದೇವು. ಅವನು ಒಳಗೆ ಬಂದು ಮಿಷೀನು ನೋಡಿದ, ಮೇಷ್ಟ್ರ ಕೈಯಲ್ಲಿದ್ದ ಎರಡು ಹೋಳು ನೋಡಿದ. ಒಂದನ್ನು ಇಸಕೊಂಡು ಸೀಳಿದ ಮೈಯ ಮೇಲೆ ಹೆಬ್ಬೆರಳು ಆಡಿಸಿ, ಎಳೆ ಹಿಡಿದೇ ಸೀಳಿದೆ, ಒಳ್ಳೆ ಮಿಷೀನು ಎಂದು ಮೆಚ್ಚಿಕೊಂಡ. ಮೇಷ್ಟ್ರಿಗೆ ಅಳು ಬಂತು. ಈ ಪಾಪಿಷ್ಠ ಮೂರು ತಿಂಗಳಲ್ಲಿ ಒಂದು ದಿನ ಬಂದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ರೇಗಿದರು.

ಮಹದೇವು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. "ಜೇಷ್ಠದಲ್ಲಿ ಕೊಡ್ಲಿ ಜಾರಿ ಕಾಲ್ ಪಕ್ಕ ಬಿದ್ಬುಡ್ತು ಮೇಷ್ಟ್ರೇ. ಒಂದ್ ಬೆಳ್ಳು ಅಂತರ. ಆವತ್ನಿಂದ ಕೊಡ್ಲಿ ಎತ್ತಕ್ಕೆ ಭಯ ಆಯ್ತದೆ. ನಿಮ್ತಾವ ಯೋಳಕ್ಕೆ ನಾಚ್ಕೆ ಆಗಿ ನಾಳೆ ನಾಳೆ ಅಂದ್ಕಂಡ್ ಬಂದೆ. ಮನೇವ್ಳಿಗೆ ಮಾತ್ರ ಅವತ್ತೇ ಯೋಳ್ಬುಟ್ಟಿದ್ದೆ. ನೀವೂ ಅಮ್ಮಾವ್ರಿಗೆ ಯೋಳ್ಬುಡಿ."

ಇಷ್ಟು ಹೇಳಿ ಅವನು ಹೋಳಿಗೆಗೆ ನಾಳೆ ಬರುತ್ತೇನೆಂದು ಎದ್ದು ಹೋದ. ಕೊಡಲಿ ಹಿಡಿದು ಬೆಳೆದವನೇ ಭಯ ಅಂತ ಒಪ್ಪಿಕೊಂಡ ಮೇಲೆ ಪಂಚಾಂಗದ ವಂಶಕ್ಕೇನು ಬಿಗುಮಾನ? ಮೇಷ್ಟ್ರು ಎರಡು ಹೋಳನ್ನೂ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಗೇಟಿನ ಚಿಲಕದ ಸದ್ದಾಯಿತು. ಚೂಡಾಮಣಿ ಒಳಗೆ ಬಂದರು.

ಮೇಷ್ಟ್ರು ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದರು. ಕಾಗದದ ಚಿತ್ರ, ಪಿತೃಪಕ್ಷದ ನೆಪ, ಗಂಧ, ದಾರ, ನಿಂಬೆಹಣ್ಣು, ಒಂದನ್ನೂ ಬಿಡಲಿಲ್ಲ. ಕೊನೆಗೆ, "ನಂಗೆ ಮೊದಲ್ನೇ ದಿನದಿಂದ್ಲೂ ಅದನ್ನ ಕಂಡ್ರೆ ಭಯ ಚೂಡಾ," ಎಂದರು.

ಚೂಡಾಮಣಿ ರಾಜನ ಹೋಳುಗಳನ್ನು ಎತ್ತಿ ಪಕ್ಕಕ್ಕಿಟ್ಟು, ಗಂಡನ ಎರಡೂ ಕೈಗಳನ್ನು ದೀಪದ ಕೆಳಗೆ ಹಿಡಿದು ಬೆರಳು ಎಣಿಸಿದರು. ಹತ್ತೂ ಇದ್ದವು. ಇನ್ನೊಂದು ಸಲ ಎಣಿಸಿದರು. ಆಮೇಲೆ ಹಣೆ ನೋಡಿದರು. ಅಲ್ಲಿ ಬೋರೆಹಣ್ಣಿನ ಗಾತ್ರಕ್ಕೆ ಊದಿಕೊಂಡಿತ್ತು. ಎದ್ದು ದೇವರ ಮನೆಗೆ ಹೋದವರು ಸಾಣೆಕಲ್ಲು ತಂದು ನೆಲದ ಮೇಲಿಟ್ಟು, ಮೇಲೆ ನಾಲ್ಕು ಹನಿ ನೀರು ಹಾಕಿ, ರಾಜನ ಬಲಗಡೆ ಹೋಳನ್ನು ತೇಯಲು ಶುರು ಮಾಡಿದರು.

ಮೇಷ್ಟ್ರು ಬೆಚ್ಚಿಬಿದ್ದರು. ರಾಜನನ್ನೇ ತೇಯುತ್ತೀಯಾ ಎಂದು ಕೇಳಿದರು.

"ಭಿನ್ನ ಆದ ಗೊಂಬೇನ ಕೂರಿಸೋ ಹಾಗಿಲ್ಲ. ರಕ್ತಚಂದನ ಊತಕ್ಕೆ ಒಳ್ಳೇದು," ಎಂದರು ಚೂಡಾಮಣಿ. ಕಣ್ಣು ಒದ್ದೆಯಾಗಿತ್ತು, ಕೈ ಮಾತ್ರ ನಿಲ್ಲಲಿಲ್ಲ. "ಅಪ್ಪ ಇದ್ದಿದ್ರೂ ಇದನ್ನೇ ಮಾಡು ಅಂತಿದ್ರು. ಬಗ್ಗಿ."

ಮೇಷ್ಟ್ರು ಬಗ್ಗಿದರು. ತಣ್ಣನೆಯ ಕೆಂಪು ಗಂಧ ಹಣೆಗೆ ತಾಗಿತು. ಯಜಮಾನರಿಗೆ ಆಗುವುದಿಲ್ಲ ಎಂದಿದ್ದೆಯಲ್ಲ, ಅದರ ಗತಿ ಏನು ಎಂದು ಅವರು ಪಿಸುಗುಟ್ಟಿದಾಗ, ಬೀಳಬೇಕಾದ ಪೆಟ್ಟು ಹಣೆಗೆ ಬಿದ್ದಾಯಿತು, ಅಲ್ಲಿಗೆ ಲೆಕ್ಕ ಮುಗಿಯಿತು, ನಾಳೆ ಮಹದೇವುವಿಗೆ ಮಿಷೀನು ಕೊಟ್ಟುಬಿಡಿ, ಅವನಿಗಾದರೆ ಅದರ ಮೇಲೆ ಗಂಧ ಮೆತ್ತುವ ಭಕ್ತಿ ಇಲ್ಲ ಎಂದು ಉತ್ತರ ಬಂತು. ಮೇಷ್ಟ್ರ ಎದೆನೋವು ಆ ಕ್ಷಣಕ್ಕೇ ಮಾಯವಾಯಿತು. ಭಯ ಹೋದ ಜಾಗಕ್ಕೆ ಹಳೆಯ ಗತ್ತು ಸ್ವಲ್ಪ ಮರಳಿ ಬಂದು, ಗಂಟಲು ಸರಿಮಾಡಿಕೊಂಡು ಕೇಳಿದರು:

"ಹಾಗಾದ್ರೆ ಮುಂದಿನ ವರ್ಷ ಮೆಟ್ಟಿಲ ಮೇಲೆ ರಾಜ ಇಲ್ದೆ ರಾಜ್ಯ ಹೇಗೆ ನಡೆಯತ್ತೆ?"

ಚೂಡಾಮಣಿ ಹೋಳನ್ನು ಮತ್ತೆ ಕಲ್ಲಿಗಿಟ್ಟು ತೇಯುತ್ತಲೇ ಹೇಳಿದರು: "ಇಷ್ಟು ವರ್ಷ ಯಾರು ನಡೆಸ್ತಿದ್ರು ಅಂದ್ಕೊಂಡಿದ್ರಿ?"

ಮೇಷ್ಟ್ರು ಇನ್ನೊಂದು ಪದರ ಹಚ್ಚಿಸಿಕೊಳ್ಳಲು ತೆಪ್ಪಗೆ ಹಣೆ ಮುಂದಿಟ್ಟರು.