ನಾಲ್ಕನೇ ನಂಬರಿನ ಮರ

"ಬೆಂಚು ಅಂದ್ರೆ ಮೂರು ಹಲಗೆಗೆ ಮೊಳೆ ಹೊಡೆಯೋದು ಅಂತ ತಿಳ್ಕೊಂಡಿದೀಯ ನೀನು. ಅದು ಹಿತ್ತಿಲಲ್ಲಿ ಬಿಸಿಲಿಗೆ ಒಣಗ್ಬೇಕು, ಮಳೇಲಿ ನೆನೀಬೇಕು, ಆದ್ರೂ ಸೊಟ್ಟ ಆಗ್ಬಾರ್ದು. ಮೆತ್ತಗಿದ್ರೆ ಹುಳ ತಿನ್ನತ್ತೆ, ಗಟ್ಟಿಯಿದ್ರೆ ಮೊಳೆ ಇಳಿಯಲ್ಲ. ಎಣ್ಣೆ ಅಂಶ ಜಾಸ್ತಿಯಿದ್ರೆ ಬಣ್ಣ ಹಿಡಿಯಲ್ಲ, ಇಲ್ದಿದ್ರೆ ನೀರು ಕುಡಿಯತ್ತೆ. ಕೂತವರ ಬಟ್ಟೆಗೆ ಸಿಬಿರು ಸಿಕ್ಕಿಕೊಂಡ್ರೆ ಬೈಸ್ಕೊಳ್ಳೋನು ನಾನೇ ತಾನೆ? ಮರ ಅನ್ನೋದು ಅಳಿಯನ ಥರ ಕಣೆ, ತಂದಮೇಲೆ ವಾಪಸು ಕೊಡಕ್ಕಾಗಲ್ಲ. ಪರೀಕ್ಷೆ ಮಾಡೇ ತರ್ಬೇಕು."

ಇದು ನಮ್ಮನೆಯವರ ಮಾತು. ನಾನು ಕೇಳಿದ್ದು ಇಷ್ಟೇ: ಗಿಡಕ್ಕೆ ನೀರು ಹಾಕುವಾಗ ಮೊಣಕಾಲು ಕೈಕೊಡುತ್ತದೆ, ನಡುವೆ ಕೂರಲು ಹಿತ್ತಿಲಲ್ಲಿ ಒಂದು ಬೆಂಚು ಮಾಡಿಕೊಡಿ ಎಂದು. ಅವರು ಮೂವತ್ತೆರಡು ವರ್ಷ ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸಿದವರು. ನಿವೃತ್ತರಾದ ಮೇಲೆ ಪರೀಕ್ಷಿಸಲು ಸಿಕ್ಕಿದ್ದು ನಾನೊಬ್ಬಳೇ (ಮತ್ತು ಹಾಲು).

ಬಡಗಿಯಿಂದ ಆರು ಜಾತಿಯ ಮರದ ಗೇಣುದ್ದದ ತುಂಡುಗಳನ್ನು ತಂದು, ಕೆಂಪು ಬಣ್ಣದಲ್ಲಿ ನಂಬರು ಬರೆದು, ಹಿತ್ತಿಲ ಗೋಡೆಯ ಮೇಲೆ ಸಾಲಾಗಿ ಇಟ್ಟರು. ಆರು ತಿಂಗಳ ಪರೀಕ್ಷೆ. ಮಳೆಯಿಲ್ಲದ ದಿನ ಮಳೆಯ ಕೆಲಸ ನನ್ನದು: ಗಿಡಗಳಿಗೆ ಹಾಕಿದ ಮೇಲೆ ತುಂಡಿಗೊಂದು ತಂಬಿಗೆ ನೀರು. ಕೂರುವ ಬೆಂಚಿಗಾಗಿ ನಾನು ನಿಲ್ಲುವ ಹೊತ್ತು ಹೆಚ್ಚಾಯಿತು.

"ಮೂರು ತಿಂಗಳಿಗೇ ಮುಗಿಸಬಾರದೇನ್ರಿ?"

"ಒಂದು ತುಂಡು ಕಳೆದ್ರೂ ಮೊದಲಿಂದ ಶುರು. ನೆನಪಿರಲಿ."

ಐದನೇ ತಿಂಗಳು ಮುಗಿದ ದಿನ ಪಕ್ಕದ ಮನೆಯ ನಾಯಿ ನಾಲ್ಕನೇ ನಂಬರನ್ನು ಕಚ್ಚಿಕೊಂಡು ಹೋಯಿತು. (ಮರ ಮೆತ್ತಗೋ ಗಟ್ಟಿಯೋ ಎಂಬುದನ್ನು ಅದು ಅರ್ಧ ಗಂಟೆಯಲ್ಲಿ ಪರೀಕ್ಷಿಸಿ ಮುಗಿಸಿತು.) ಅವರು ಮನೆಯಲ್ಲಿರಲಿಲ್ಲ. ನಾನು ಅಡುಗೆಮನೆಯಲ್ಲಿ ಕೂತು ತರಕಾರಿ ಹೆಚ್ಚುವ ಹಳೆಯ ಸ್ಟೂಲಿನ ಅಡ್ಡಪಟ್ಟಿ ಸಡಿಲವಾಗಿತ್ತು. ಅಳತೆ ಕೊಟ್ಟು ಮಾಡಿಸಿದಂತೆ ಅದೂ ಗೇಣುದ್ದ. ಕಿತ್ತೆ, ಸೊಸೆಯ ಉಗುರುಬಣ್ಣದಿಂದ ನಂಬರು ಬರೆದೆ. ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕು ಬರೆಯಲು ಅಷ್ಟು ಸಾಕು.

ತಿಂಗಳು ಕಳೆದು, ಫಲಿತಾಂಶದ ದಿನ ಬಡಗಿಯನ್ನೂ ಕರೆಸಿದರು. ಐದು ತುಂಡುಗಳು ಸೀಳಿ, ಸೊಟ್ಟಗಾಗಿ, ಬೂಷ್ಟು ಹಿಡಿದು ಫೇಲಾದವು. ನಾಲ್ಕನೆಯದು ಕನ್ನಡಿಯಂತಿತ್ತು.

"ನೋಡು, ಪರೀಕ್ಷೆ ಅನ್ನೋದು ಇದಕ್ಕೇ," ಎಂದರು ನನಗೆ.

ಬಡಗಿ ಅದನ್ನು ಉಗುರಿನಿಂದ ಗೀರಿದ, ಮೂಸಿದ. "ಸಾರ್, ಇದು ನಾನು ಕೊಟ್ಟಿದ್ದಲ್ಲ. ಈ ಮರ ಈಗ ಎಲ್ಲೂ ಸಿಗಲ್ಲ. ಈರುಳ್ಳಿ ವಾಸನೆ ಬೇರೆ."

ಇವರು ಪುಸ್ತಕದಲ್ಲಿ ಬರೆದುಕೊಂಡರು: ಸಹಜ ಈರುಳ್ಳಿ ಪರಿಮಳ.

ಸೊಸೆ ಬಗ್ಗಿ ನೋಡಿದಳು. "ಅತ್ತೆ, ಈ ಬಣ್ಣ ನಂದಲ್ವಾ?"

"ಲೋಕದಲ್ಲಿರೋ ಕೆಂಪೆಲ್ಲ ನಿಂದೇನೇ? ಹೋಗು, ಅವರಿಗೆ ಟೀ ತಾ," ಎಂದೆ.

ಆ ಮಾತೇ ನನಗೆ ಮುಳುವಾಯಿತು. ಟೀ ತಂದವಳು, ಬಡಗಿ ಕೂರಲಿ ಎಂದು ಸ್ಟೂಲನ್ನೂ ತಂದಳು. ಆತ ಕೂತ, ಸ್ಟೂಲು ವಾಲಿತು, ಟೀ ಚೆಲ್ಲಿತು. ಎದ್ದು ಅದನ್ನು ತಲೆಕೆಳಗು ಮಾಡಿ, ಖಾಲಿಯಿದ್ದ ತೂತಿಗೆ ನಾಲ್ಕನೇ ನಂಬರನ್ನು ಹಿಡಿದ. ಸರಿಯಾಗಿ ಕೂತಿತು.

"ಸಾರ್, ನಿಮ್ ಮರ ಸಿಕ್ತು."

ನಾಯಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡರೆ ಇವರ ಮುಖ ಅರಳಿತು.

"ನಲವತ್ತು ವರ್ಷದಿಂದ ಮನೇಲೇ ಇತ್ತಲ್ಲೇ. ಆದ್ರೆ ಇದು ಬಿಸಿಲು ಕಂಡಿರೋದು ಒಂದೇ ತಿಂಗಳು. ಮಿಕ್ಕವಕ್ಕೆ ಆರು, ಇದಕ್ಕೆ ಒಂದು ಅಂದ್ರೆ ಅನ್ಯಾಯ."

"ಯಾರಿಗ್ರೀ ಅನ್ಯಾಯ?"

"ಮರಕ್ಕೆ."

"ಮತ್ತೆ ನಾನು ಎಲ್ಲಿ ಕೂತು ಹೆಚ್ಚಲಿ?"

"ಆರೇ ತಿಂಗಳು. ಆಮೇಲೆ ಬೆಂಚೇ ಬರತ್ತಲ್ಲ."

ಬಡಗಿ ಅಲ್ಲೇ ಸ್ಟೂಲು ಬಿಚ್ಚಿದ. ಹೋಲಿಸಿ ನೋಡಲೆಂದು ಹೊಸ ಐದು ತುಂಡು ಬಂದವು. ನನ್ನ ಸ್ಟೂಲಿನ ಕೂರುವ ಹಲಗೆ ನಾಲ್ಕನೇ ನಂಬರಾಗಿ ಗೋಡೆ ಏರಿತು. ಉಗುರುಬಣ್ಣವನ್ನು ಈ ಸಲ ಸೊಸೆ ತಾನಾಗಿಯೇ ಕೊಟ್ಟಳು.

ಇವತ್ತು ಸಂಜೆ ನಿಂತುಕೊಂಡೇ ಈರುಳ್ಳಿ ಹೆಚ್ಚಿಟ್ಟು ಹಿತ್ತಿಲಿಗೆ ಹೋದೆ. ಗಿಡಗಳಿಗೆ ನೀರು ಹಾಕಿದೆ. ಆಮೇಲೆ ಒಂದು, ಎರಡು, ಮೂರು. ನಾಲ್ಕಕ್ಕೆ ಅರ್ಧ ತಂಬಿಗೆಯಷ್ಟೇ ಹಾಕಿ, ಅಂಗೈಯಿಂದ ಒರೆಸಿ, ಐದಕ್ಕೆ ಹೋದೆ.