ಎದುರುಮನೆಯವರಿಗೆ ಹಿಡಿದಿಟ್ಟ ಕುರ್ಚಿ

ನಮ್ಮ ಸೋದರತ್ತೆಯ ಜೊತೆ ಬಟ್ಟೆ ಅಂಗಡಿಗೆ ಮಾತ್ರ ಹೋಗಬೇಡಿ! ನೀವು ಸೀರೆ ನೋಡುತ್ತಿದ್ದರೆ ಅವರು ಕಸದ ಬುಟ್ಟಿ ನೋಡುತ್ತಿರುತ್ತಾರೆ. "ಅಣ್ಣ, ಈ ಚೂರು ಎಸೀತೀರಾ? ನನಗ್ ಕೊಡಿ."

ಸುಂಕದಕಟ್ಟೆಯ ಗಾರ್ಮೆಂಟ್ಸಿನಲ್ಲಿ ಜೀವಮಾನವಿಡೀ ಕಾಲರು ಹೊಲಿದ ಒಂಟಿ ಹೆಂಗಸು. ಕೆಲಸ ಬಿಟ್ಟ ಮೇಲೆ ಅಲ್ಲಿನ ಕಟ್ ಪೀಸುಗಳೆಲ್ಲ ಅವರ ಬೆನ್ನು ಹತ್ತಿ ಮನೆಗೆ ಬಂದವು. ಆ ಮನೆಯಲ್ಲಿ ಸೋಫಾ ಇಲ್ಲ, ಚೂರುಬಟ್ಟೆಯ ಮೂಟೆಗಳಿವೆ. ನೆಂಟರು ಮೂಟೆಯ ಮೇಲೆ ಕೂರಬೇಕು. ಅತ್ತೆಗೆ ನೀಲಿ ಚೂರು ಬೇಕಾದಾಗ ಏಳಬೇಕು!

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲ ತಲೆ ನನ್ನದು. ಪುಕ್ಕಟೆ ಬಂದದ್ದಲ್ಲ, ಹಗಲು ಅಂಗಡಿ ಕೆಲಸ, ಸಂಜೆ ಕಾಲೇಜು. ಜ್ಞಾನಭಾರತಿಯ ಘಟಿಕೋತ್ಸವಕ್ಕೆ ಅತ್ತೆಯೇ ಕುರ್ತಾ ಹೊಲಿದರು. ಒಂದು ತೋಳು ಯಾವುದೋ ಸ್ಕೂಲಿನ ಯೂನಿಫಾರಂ, ಇನ್ನೊಂದು ಯಾವ ದೇಶಕ್ಕೋ ಹೋಗಬೇಕಿದ್ದ ಶರ್ಟು.

"ಅತ್ತೆ, ಜನ ನಗ್ತಾರೆ!"

"ನಗ್ಲಿ ಬಿಡೇ. ಇಂಥದ್ದು ಇನ್ಯಾರ ಹತ್ರ ಇದೆ?"

ಯಾರ ಹತ್ತಿರವೂ ಇರಲಿಲ್ಲ, ನಿಜ. ಯಾರಿಗೂ ಬೇಕಾಗಿಯೂ ಇರಲಿಲ್ಲ!

ಅಳತೆ ಬ್ಲೌಸಿನದು ಇನ್ನೊಂದು ಹಟ. ಊರಿನ ಟೈಲರುಗಳೆಲ್ಲ ಹಳೆಯ ಬ್ಲೌಸು ಇಸಿದುಕೊಂಡು ಅದರಂತೆ ಹೊಸದು ಹೊಲಿಯುತ್ತಾರೆ. ಈಗ ಮನೆಯಲ್ಲೇ ಹೊಲಿಯುವ ಅತ್ತೆ ಅದನ್ನು ಮುಟ್ಟುವುದೇ ಇಲ್ಲ. "ನಾನು ಬ್ಲೌಸಿಗೆ ಬ್ಲೌಸ್ ಹೊಲಿಯಲ್ಲ ಕಣಮ್ಮ, ಮನುಷ್ಯರಿಗೆ ಹೊಲೀತೀನಿ. ಕೈ ಎತ್ತು." ಹಾಗೆ ಕೈ ಎತ್ತಿದವರಲ್ಲಿ ಪೌರಕಾರ್ಮಿಕರಿದ್ದರು, ಬೇರೆ ಟೈಲರುಗಳು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದ ಮಂಗಳಮುಖಿಯರೂ ಇದ್ದರು.

ಎದುರುಮನೆಯ ಆಂಟಿಗೆ ಇದನ್ನು ಸಹಿಸಲಾಗಲಿಲ್ಲ. ದಿನಾ ಬೆಳಿಗ್ಗೆ ಬಂದು ಮೂಟೆಯ ಮೇಲೆ ಕೂತು ಅತ್ತೆಯ ಜೊತೆ ಕಾಫಿ ಕುಡಿಯುತ್ತಿದ್ದವರು ಅವರು.

"ಅವರನ್ನ ಅಳೆದಿದ್ದು ಇದೇ ಟೇಪಲ್ಲಾ? ನನಗೂ ಅದೇನಾ?"

"ಹೂಂ ಕಣೇ. ಅವರ ಸೊಂಟ ನಿನಗಿಂತ ಸಣ್ಣ ಇದೆ!"

ಅತ್ತೆ ತಮಾಷೆಗೆ ಅಂದದ್ದು. ಆಂಟಿ ಮತ್ತೆ ಬರಲಿಲ್ಲ. ಅತ್ತೆ ಈಗಲೂ ಎರಡು ಲೋಟಕ್ಕೆ ಕಾಫಿ ಸೋಸಿ, ಎರಡನ್ನೂ ತಾವೇ ಕುಡಿಯುತ್ತಾರೆ. ಆಮೇಲೆ ರಾತ್ರಿ ನಿದ್ದೆ ಬರುವುದಿಲ್ಲವಂತೆ! ಎಲ್ಲಿಂದ ಬರಬೇಕು?

ಹೋದ ವರ್ಷ ಅತ್ತೆಗೆ ಹೊಸ ಹುಚ್ಚು ಹಿಡಿಯಿತು: ಗಲ್ಲಿಯಲ್ಲೇ ಫ್ಯಾಷನ್ ಶೋ! ಚೂರುಬಟ್ಟೆಯ ಉಡುಪು, ತೊಟ್ಟು ನಡೆಯುವವರು ಆ ಪೌರಕಾರ್ಮಿಕರು, ಆ ಮಂಗಳಮುಖಿಯರು.

"ಎದುರುಮನೆಯವಳು ಒಂದ್ಸಲ ಇವರನ್ನ ಸರಿಯಾಗಿ ನೋಡ್ಲಿ ಕಣೇ. ನೋಡಿದ್ರೆ ಬರ್ತಾಳೆ."

ಶಾಮಿಯಾನದವರಿಂದ ಕುರ್ಚಿ ತರಿಸಿ, ಮುಂದಿನ ಸಾಲಿನ ನಡುವಿನದಕ್ಕೆ, ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ, ಟವೆಲ್ ಹಾಕಿದರು. ಅದು ಆಂಟಿಯ ಕುರ್ಚಿ.

ಸಂಜೆಯಾಯಿತು. ಪ್ರೇಕ್ಷಕರು ನಾನು ಮತ್ತು ಒಂದು ಬೀದಿನಾಯಿ.

"ಅತ್ತೆ, ಶುರು ಮಾಡೋಣ್ವಾ?"

"ತಾಳೇ, ಸೀರಿಯಲ್ ಮುಗೀಲಿ."

ಸೀರಿಯಲ್ ಮುಗಿಯಿತು, ಇನ್ನೊಂದು ಶುರುವಾಯಿತು. ಮೊದಲು ನಡೆಯಬೇಕಿದ್ದ ಮಂಗಳಮುಖಿ ಹುಡುಗಿ ಖಾಲಿ ಕುರ್ಚಿಗಳನ್ನು ನೋಡಿ ನಿಂತೇಬಿಟ್ಟಳು. "ಅಕ್ಕ, ಯಾರಿಗ್ ತೋರ್ಸೋದು?"

ಅತ್ತೆ ನಡುವಿನ ಕುರ್ಚಿಯ ಟವೆಲ್ ಸರಿಮಾಡಿದರು.

ಆಗ ಎದುರುಮನೆಯ ಕಿಟಕಿಯ ಪರದೆ ಒಂಚೂರು ಸರಿಯಿತು. ನಾನು ನೋಡಿದೆ. ಅತ್ತೆಯೂ ನೋಡಿದರು; ಕೂಗಿ ಕರೆಯಲಿಲ್ಲ. ಹುಡುಗಿಯ ಭುಜ ಹಿಡಿದು ಕಿಟಕಿಯ ಕಡೆ ನಿಲ್ಲಿಸಿ, ಮೆಲ್ಲಗೆ ಹೇಳಿದರು:

"ನಿಧಾನಕ್ಕೆ ತಿರುಗು ಮಗಳೇ. ಬೆನ್ನ ಕಡೆ ಹೊಲಿಗೆನೂ ಕಾಣ್ಲಿ ಅವಳಿಗೆ."