ಪಿಟಿ ಮಾಸ್ತರನ ಹಗುರ ಗಾಲಿ

ಮಂದಿಗಿ ಮರ್ಯಾದಿ ಹೋಗಲಿಕ್ಕ ಏನೇನೋ ಕಾರಣ ಬೇಕಾಗ್ತಾವ. ನನಗ ಸೈಕಲ್ಲಿನ ಎರಡು ಗಾಲಿ ಸಾಕಾದವು. ನಾ ಬೀದರದಾಗ ಸಾಲಿ ಪಿಟಿ ಮಾಸ್ತರ. ಹೊಟ್ಟಿ ನೋಡಿದವರು ಯಾರೂ ನಂಬಂಗಿಲ್ಲ. ಮಗಳ ಮದುವ್ಯಾಗ ಭಾಲ್ಕಿ ಬೀಗರು ಎಲ್ಲರ ಮುಂದ, "ಪೋರಗೋಳಿಗಿ ಓಡ್ರಿ ಅಂತೀರಿ, ನೀವು ಎಂದಾದ್ರೂ ಓಡೀರೇನ್ರಿ?" ಅಂದ್ರು. ಸಿಟ್ಟಿನ್ಯಾಗ, "ಮೊಮ್ಮಗನ ಜವಳಕ್ಕ ಸೈಕಲ್ ಮ್ಯಾಲೇ ಬರ್ತೇನಿ" ಅಂದುಬಿಟ್ಟೆ. ಈಗ ಜವಳ ಬಂದೇ ಬಂತು.

೧. ದುಕಾನದಾಗ

ಸೈಕಲ್ಲಿಗಿ ಹೊಸ ಗಾಲಿ ಹಾಕಿಸಲಿಕ್ಕ ಹೋದ್ರ ನೌಬಾದದ ಸೈಕಲ್ ದುಕಾನದವ ಮೊದಲು ಕೇಳಿದ್ದೇ, "ತೂಕ ಎಷ್ಟರಿ ಸರ್?"

ಹಿಂದ ನನ್ನ ಹಳೇ ವಿದ್ಯಾರ್ಥಿಗಳು ನಿಂತಿದ್ರು. "ಎಪ್ಪತ್ತು" ಅಂದೆ.

"ಹಗುರ ಗಾಲಿ ಹಾಕಿದ್ರ ಏರಿನ್ಯಾಗ ದಮ್ಮು ಉಳೀತದ, ತಗ್ಗಿನ್ಯಾಗ ಸೊಟ್ಟ ಆಗ್ತದ. ಕಡ್ಡಿ ಜಾಸ್ತಿ ಇರೋದು ವಜನ್ ಅದ, ಆದ್ರ ಗಟ್ಟಿ. ಖರೇ ಹೇಳ್ರಿ."

"ಖರೇನೇ ಎಪ್ಪತ್ತು."

ಅವ ನನ್ನ ಹೊಟ್ಟಿ ನೋಡಿ ಮೆಲ್ಲಗ ಕೇಳಿದ, "ಹೊಟ್ಟಿ ಬಿಟ್ಟೇನ್ರಿ?"

೨. ಗಾಂಧಿ ಗಂಜದಾಗ

ಮನಿಯಾಕಿ ತವರಿನ ತೊಗರಿ ಮಾರಲಿಕ್ಕ ಗಂಜ್ ಮಾರ್ಕೆಟ್ಟಿಗಿ ಹೋಗಿದ್ವಿ. ಚೀಲ ತೂಗಿ ಮುಗಿದ ಮ್ಯಾಲ ಆಕಿ, "ನೀವೂ ಒಂದಿಷ್ಟು ನಿಂದರ್ರಿ, ಗಾಲಿ ಯಾವುದಂತ ಗೊತ್ತಾಗ್ಲಿ" ಅಂದಳು. ತೂಕದ ಕಾಟಾ ಮ್ಯಾಲ ನಿಂತೆ. ತೂಗುವವ ಚೀಲಕ್ಕ ಒದರೋ ರೂಢಿಯಂಗೇ ಇಡೀ ಅಂಗಳಕ್ಕ ಒದರಿದ, "ಕ್ವಿಂಟಲ್ ಮ್ಯಾಲ ಐದು."

ಅಡತಿ ಗುಮಾಸ್ತ ತಲಿ ಎತ್ತದೇ ಕೇಳಿದ, "ಮಾಲ್ ಯಾರದು?"

"ನಂದೇರಿ" ಅಂದಳು ಮನಿಯಾಕಿ. ಹಮಾಲರು ಚೀಲ ಇಳಿಸಿ ನಕ್ಕರು. ನಾನು ಕಾಟಾದಿಂದ ಇಳಿಯೋದೂ ಮರ್ತು ನಿಂತಿದ್ದೆ.

೩. ಭಾಲ್ಕಿ ದಾರ್‍ಯಾಗ

ಇಷ್ಟಾದ್ರೂ ಬುದ್ಧಿ ಬರ್ಲಿಲ್ಲ. ಹಾಲಿನವರ ಸೈಕಲ್ಲಿನಂಥ ದಪ್ಪ ಗಾಲಿ ಮ್ಯಾಲ ಬೀಗರ ಮುಂದ ಹ್ಯಾಂಗ ಇಳೀಲಿ ಅಂತ ಹಗುರವೇ ಹಾಕಿಸಿದೆ. ಜವಳದ ಹಿಂದಿನ ದಿನ ಹೊಂಟೆ. ಮನಿಯಾಕಿ ಬಸ್ಸಿಗಿ ಹೋದಳು.

ಭಾಲ್ಕಿ ಇನ್ನೇನು ಬಂತು ಅನ್ನೋದ್ರಾಗ ಒಂದು ತಗ್ಗು. ಹಿಂದಿನ ಗಾಲಿ ಜಿಲೇಬಿ ಆತು. ಯಾರಾದ್ರೂ ನೋಡ್ಯಾರಂತ ಟಾವೆಲ್ ಮಾರಿಗಿ ಸುತ್ಕೊಂಡು ಕೂತೆ. ಔರಾದ ಕಡಿಂದ ಎರಡು ಟಗರು ಹಾಕ್ಕೊಂಡು ಒಂದು ಟೆಂಪೊ ಬಂತು.

"ಊರ ಹೊರಗೇ ಇಳಿಸಪಾ. ಅಲ್ಲಿಂದ ನೂಕ್ಕೊಂಡು ಹೋಗಿ ಪಂಚರ್ ಆತು ಅಂತೇನಿ" ಅಂದೆ.

"ಹೂಂ, ಹತ್ರಿ" ಅಂದ ಡ್ರೈವರ. ಮುಂದ ಜಾಗಾ ಇರಲಿಲ್ಲ, ಸೈಕಲ್ ಏರಿಸಿ ಹಿಂದ ಟಗರಿನ ನಡುವ ಕೂತೆ. ಊರು ಬಂತು, ಟೆಂಪೊ ನಿಲ್ಲಲಿಲ್ಲ. ಬಡಿದೆ, ಕೂಗಿದೆ. ಟಗರೂ ಕೂಗಿದವು. ಅವನಿಗಿ ಎಲ್ಲಾ ಒಂದೇ ಕೇಳ್ಸಿರಬೇಕು. ಸೀದಾ ಬೀಗರ ಮಂಟಪದ ಮುಂದ ಹೋಗಿ ನಿಲ್ಲಿಸಿದ. ಜವಳದ ಊಟಕ್ಕ ಅವರೇ ಹೇಳಿ ತರಿಸಿದ ಟಗರು ಅವು.

ನೆಂಟರೆಲ್ಲಾ ನೆರೆದಿದ್ರು. ಬೀಗರು ಒಳಗ ಹಣಿಕಿ ಹಾಕಿ ನನ್ನನ್ನೇ ನೋಡಿದ್ರು. "ನಾ ಎರಡೇ ಹೇಳಿದ್ದೆ. ಈ ಮೂರನೇದು ಯಾರದು?"

ಬಾಗಿಲದಾಗ ನಿಂತಿದ್ದ ಮನಿಯಾಕಿ ಸೆರಗು ಸರಿಮಾಡ್ಕೊಂಡು ಅಂದಳು, "ನಂದೇರಿ."